ಪತ್ತೇದಾರಿ ಕಾದಂಬರಿಯೊಳಗಿನ ಹಸು

ಪತ್ತೇದಾರ ಕೊಲೆಗಾರನ ಬಾಗಿಲು ಒದ್ದು ಒಳಗೆ ನುಗ್ಗಿದ. ಉಸಿರು ಬಿಗಿಹಿಡಿದು ಹಾಳೆ ತಿರುಗಿಸಿದರೆ, ಹಸುವಿನ ಹೊಟ್ಟೆಯುಬ್ಬರಕ್ಕೆ ಮದ್ದು!

ಆ ಕಾದಂಬರಿಯ ಜೊತೆಗೆ, ನಾನೆಂದೂ ತೆರೆದು ನೋಡದಿದ್ದ ತಾತನ ಮೂರು ಹರಕು ಪುಸ್ತಕಗಳನ್ನೂ ದೊಡ್ಡಬಳ್ಳಾಪುರದಲ್ಲಿ ರಟ್ಟು ಹಾಕಲು ಕೊಟ್ಟಿದ್ದೆ. ನಾಲ್ಕೂ ಹಾಳೆಗಳು ಕಲಸಿ ಒಂದೇ ದಪ್ಪ ಪುಸ್ತಕವಾಗಿ ಬಂದಿದ್ದವು. ಕೊಲೆಗಾರನನ್ನು ಹುಡುಕುತ್ತಾ ದನಗಳ ಮದ್ದು ಓದಿದೆ, ಧೂಮಕೇತುಗಳ ಬಗ್ಗೆ ಓದಿದೆ. ಮೂರನೆಯ ದಿನ ಅವನು ಸಿಕ್ಕಿದ್ದು ಯಾರದೋ ಕಾಶಿಯಾತ್ರೆಯ ನಡುವೆ.

ಜಗಳಕ್ಕೆಂದೇ ಅಲ್ಲೇ ಹತ್ತಿರದ ನಮ್ಮ ಹಳ್ಳಿ ಮಧುರೆಯಿಂದ ಸೈಕಲ್ ತುಳಿದು ಹೋದೆ. ರಟ್ಟು ಹಾಕುವ ಸಾಹೇಬರು ಹಣೆ ಚಚ್ಚಿಕೊಂಡರು. "ಯುದ್ಧ ಶುರುವಾದ್ಮೇಲೆ ರಟ್ಟೇ ಸಿಗ್ತಿಲ್ಲ ಮೇಷ್ಟ್ರೇ, ಎಲ್ಲಾ ಒಂದ್ರಲ್ಲೇ ಹೊಲ್ದ್ಬಿಟ್ಟೆ. ನಂಗೆ ಉರ್ದು ಬಿಟ್ರೆ ಓದೋಕೆ ಬರಲ್ಲ, ಹಾಳೆ ಅಳತೆ ನೋಡಿ ಜೋಡಿಸ್ದೆ. ಕೊಡಿ, ಬಿಚ್ಚಿ ಸರಿ ಮಾಡ್ತೀನಿ."

ಅವರು ಕತ್ತರಿ ಎತ್ತಿದ್ದೇ ತಡ, ಪುಸ್ತಕವನ್ನು ಎದೆಗವುಚಿಕೊಂಡೆ. "ಬಿಚ್ಬೇಡಿ ಸಾಹೇಬ್ರೇ! ನಾನಿನ್ನೂ ಕಾಶಿ ತಲುಪಿಲ್ಲ."

ಕೊಲೆಗಾರ ಯಾರೆಂಬುದು ಈಗ ನೆನಪಿಲ್ಲ. ಆದರೆ ಆ ಮಳೆಗಾಲದಲ್ಲಿ ನೆರೆಮನೆಯ ಹಸುವಿನ ಹೊಟ್ಟೆ ಉಬ್ಬಿದಾಗ, ಅದನ್ನು ಉಳಿಸಿದ್ದು ನನ್ನ ಪತ್ತೇದಾರಿ ಕಾದಂಬರಿ.