ಕರಡಿಗೆಯ ಹಿಂದಿನ ಎದೆ

ಅಥವಾ ಆ ದಾರ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲವೇನೋ. ಬಿದ್ದಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿಯೇ ಕಂಡಂತಾಗಿರಬಹುದು.

ತೊಂಬತ್ತರ ದಶಕದ ಕೊನೆ. ಹಡಗಲಿಯ ನಮ್ಮ ಮನೆಯಲ್ಲಿ ಅಕ್ಕನಿಗೆ ಮೂರು ವಾರದಿಂದ ಜ್ವರ, ತಲೆನೋವು, ವಾಂತಿ. ಕತ್ತು ಬಗ್ಗಿಸಲಾಗದೆ ಮಲ್ಲಿಗೆಯನ್ನು ಕಣ್ಣಮಟ್ಟಕ್ಕೆ ಎತ್ತಿ ಕಟ್ಟುತ್ತಿದ್ದಳು. ಮಾತು ತೊದಲಿದ ದಿನ ಅಜ್ಜಿಯೂ ಕಾಲೇಜು ಓದುತ್ತಿದ್ದ ನಾನೂ ಅವಳನ್ನು ಹರಪನಹಳ್ಳಿಗೆ ಕರೆದೊಯ್ದೆವು. ಡಾಕ್ಟರು ಎದೆಯ ಎಕ್ಸ್‌ರೇ ಬರೆದರು.

"ತಲಿನೋವಿಗೆ ಎದಿ ಫೋಟೋನ? ನಾಳಿ ಹೊಟ್ಟಿನೋವು ಅಂದ್ರ ಮೊಣಕಾಲು ತೆಗಸ್ತೀರೇನ್ರಿ?" ಅಜ್ಜಿ ಕೇಳಿದಳು.

"ಮಿದುಳಿನ ಪೊರಿಗೆ ಕ್ಷಯ ಹತ್ತೇತಿ ಅಂತ ನನಗ ಅನುಮಾನ, ಅಮ್ಮಾ. ಬೆನ್ನಿಗೆ ಸೂಜಿ ಹಾಕಿ ನೀರು ತೆಗಿಯಾಕ ನೀವು ಬಿಡವಲ್ರಿ. ಎದಿಯಾಗ ಗುರುತು ಸಿಕ್ರ ಇವತ್ತ ಗುಳಿಗಿ ಸುರು ಮಾಡ್ತೀನಿ."

ಹೊರಗೆ ಬಂದು ಅಜ್ಜಿ, "ಆ ಫೋಟೋದಂವ ಇವನ ತಮ್ಮ ಇರಬೇಕು ನೋಡಲೇ," ಅಂದಳು. ನಾನು ಇಬ್ಬರ ಮೂಗನ್ನೂ ಹೋಲಿಸಿ ನೋಡಿದೆ.

ಎಕ್ಸ್‌ರೇದವನು ಕೊರಳಲ್ಲಿದ್ದುದನ್ನೆಲ್ಲ ತೆಗೆಯಲು ಹೇಳಿ ಆಚೆ ಹೋದ. ಅಜ್ಜಿ ಅಕ್ಕನ ಸರ ಬಿಚ್ಚಿದಳು. ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಮಾತ್ರ ಕುಪ್ಪಸದೊಳಗೆ ತಳ್ಳಿದಳು. ಅದರ ದಾರ ಅಕ್ಕನ ಕತ್ತಿನ ಬಳಿ ಇಣುಕುತ್ತಿತ್ತು ಎಂದೇ ನಾನು ಹೇಳಿಕೊಂಡು ಬಂದದ್ದು. ಪ್ರಾಣವಿರುವ ತನಕ ಅದು ಮೈಬಿಟ್ಟು ಇಳಿಯಬಾರದು.

"ಎಲ್ಲಾ ತೆಗದೀರೇನು?" ಆಚೆಯಿಂದಲೇ ಅವನು ಕೇಳಿದ.

"ತೆಗದೀವಿ."

ಈ ಎರಡನೆಯ ಮಾತು ಅಜ್ಜಿಯದೋ, ನನ್ನದೋ.

ಅಕ್ಕನಿಗೆ ನಿಲ್ಲಲಾಗದೆ ಮಲಗಿಸಿ ತೆಗೆದರು. ಕರಡಿಗೆ ಬಲಕ್ಕೆ ಜಾರಿತ್ತು. ಫಿಲ್ಮಿನಲ್ಲಿ ನಿಂಬೆಹಣ್ಣಿನಷ್ಟು ಬೆಳ್ಳನೆಯ ಗುಂಡು.

"ಇದರ ಹಿಂದ ಏನೈತಿ ಅಂತ ಹೆಂಗ ಹೇಳ್ಲಿ? ತಗದು ಇನ್ನೊಂದು ಮಾಡಸ್ರಿ," ಅಂದರು ಡಾಕ್ಟರು.

ಅಜ್ಜಿ ಎದ್ದುಬಿಟ್ಟಳು. ಊರಿಗೆ ಮರಳಿದೆವು.

ಮೂರನೆಯ ದಿನ ಅಕ್ಕನ ಕಣ್ಣುಗುಡ್ಡೆಗಳು ಒಂದೊಂದು ಕಡೆಗೆ ತಿರುಗಿದವು. ಮತ್ತೆ ಹರಪನಹಳ್ಳಿ. ಈ ಸಲ ಅಜ್ಜಿ ಯಾರೂ ಹೇಳದೆಯೇ ಕರಡಿಗೆಯನ್ನು ಕೊರಳಿಂದ ಬಿಚ್ಚಿ ಅಕ್ಕನ ಮುಂಗೈಗೆ ಕಟ್ಟಿದಳು. ಮೈಬಿಟ್ಟು ಇಳಿಯಲಿಲ್ಲ. ಇಷ್ಟೇ ಸಾಕಿತ್ತು, ಮೊದಲ ದಿನವೇ ಸಾಕಿತ್ತು. ಗುಂಡು ಇದ್ದ ಜಾಗದಲ್ಲಿ ಈಗ ಮಬ್ಬು ಕಲೆಯೊಂದು ಕಂಡಿತು. ಅಂದೇ ಗುಳಿಗೆ ಸುರುವಾದವು.

ಅಕ್ಕ ಉಳಿದಳು. ಎಡಗಣ್ಣು ಉಳಿಯಲಿಲ್ಲ. ಅಜ್ಜಿ ಸಾಯುವ ತನಕ ಆ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ, ಕೇಳಿದರೆ ಅವಳೂ ನನ್ನನ್ನು ಕೇಳಿಯಾಳೆಂದು.

ನಡುವೆ ಕಳೆದ ದಿನಗಳೇ ಆ ಕಣ್ಣನ್ನು ತಿಂದವೋ, ಅದು ಮೊದಲೇ ಹೋಗಿತ್ತೋ, ನನಗೆ ಗೊತ್ತಿಲ್ಲ. "ತೆಗದೀವಿ" ಎಂದವರು ಯಾರೆಂಬುದೂ ಗೊತ್ತಿಲ್ಲ.