ಹೊರಗೆ ಬಂದವರು ಉಳಿಯುತ್ತಾರೆ

ರೇಡಿಯೊದಲ್ಲಿ ಯುದ್ಧದ ಸುದ್ದಿ ಕೇಳುವಾಗ ಶೇಖರಂ ಮೇಷ್ಟ್ರು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಕೂರುತ್ತಿದ್ದರು. ಅದೂ ನಮ್ಮಮ್ಮನ ಮನೆಯಲ್ಲಿ! ಹೊಸ್ತಿಲು ದಾಟಿ ಒಂದು ಚಪ್ಪಲಿ ಒಳಗೆ ಬಂದರೆ ಇಡೀ ನಡುಮನೆ ತೊಳೆಯುತ್ತಿದ್ದ ಹೆಂಗಸು ಅವಳು. ಚಾಮರಾಜಪೇಟೆಯ ನಮ್ಮ ಮನೆಯ ಹಿಂಭಾಗದ ಕೋಣೆಗೆ ಅವರು ಬಾಡಿಗೆಗೆ ಬಂದ ಹೊಸದರಲ್ಲಿ ಕೇಳಿಯೇಬಿಟ್ಟಳು.

“ಅದೇನ್ರೀ ಮೇಷ್ಟ್ರೇ, ಮನೆ ಒಳಗೆ ಚಪ್ಪಲಿ?”

“ಕ್ಷಮಿಸಬೇಕು ಅಕ್ಕಾ. ಓಡಬೇಕಾದಾಗ ಚಪ್ಪಲಿ ಹುಡುಕಲಿಕ್ಕೆ ಸಮಯ ಸಿಗುವುದಿಲ್ಲ.”

“ಚಾಮರಾಜಪೇಟೇಲಿ ಎಲ್ಲಿಗ್ ಓಡ್ತೀರಾ? ಮಾರ್ಕೆಟ್ ಸರ್ಕಲ್ ದಾಟೋಕೇ ಅರ್ಧ ದಿನ ಬೇಕು.”

ಅವರು ನಕ್ಕರು. ಚಪ್ಪಲಿ ಮಾತ್ರ ತೆಗೆಯಲಿಲ್ಲ. ಕೊನೆಗೆ ಅಮ್ಮನೇ ಸೋತು, ಅವರ ಕೋಣೆಯನ್ನು ಮನೆಯ ಲೆಕ್ಕದಿಂದ ಬಿಟ್ಟುಬಿಟ್ಟಳು.

ಅವರು ಶ್ರೀಲಂಕಾದ ಜಾಫ್ನಾದವರು. ಎತ್ತರದ ಒಣಕಲು ಆಳು. ತೋಳಿನ ಗುಂಡಿಯನ್ನು ಮಣಿಕಟ್ಟಿನವರೆಗೂ ಹಾಕಿದ ಬಿಳಿ ಷರಟು. ಹೌದು ಎನ್ನಬೇಕಾದಲ್ಲೆಲ್ಲ ಅವರ ಕಡೆಯ ರೂಢಿಯಂತೆ “ಓಂ” ಎನ್ನುತ್ತಿದ್ದರು. ಬಲು ದೈವಭಕ್ತರು ಎಂದು ಅಮ್ಮ ಬಹಳ ದಿನ ನಂಬಿದ್ದಳು. ಪುಸ್ತಕದಿಂದ ಕಲಿತ ಅವರ ಕನ್ನಡ ನಮ್ಮೆಲ್ಲರ ಕನ್ನಡಕ್ಕಿಂತ ನೆಟ್ಟಗಿತ್ತು. ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದರು. ಬಿ.ಎಸ್‌ಸಿ. ಓದುತ್ತಿದ್ದ ನಾನೂ ಸಂಜೆ ಹೋಗಿ ಕೂರುತ್ತಿದ್ದೆ.

ಗಣಿತ ಮುಗಿದ ಮೇಲೆ ಯುದ್ಧ ಶುರುವಾಗುತ್ತಿತ್ತು. ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ದ್ವೀಪದ ಉತ್ತರ ತುದಿಯನ್ನು ಬರೆಯುತ್ತಿದ್ದರು. ಮೇಲೆ ತಲೆಯ ಹಾಗೆ ಜಾಫ್ನಾ, ಕೆಳಗೆ ಮೈಯ ಹಾಗೆ ಉಳಿದ ನಾಡು, ನಡುವೆ ಕತ್ತಿನಷ್ಟು ಕಿರಿದಾದ ನೆಲ. “ಇದು ಎಲಿಫೆಂಟ್ ಪಾಸ್, ತಂಬಿ. ಈ ಕತ್ತು ಯಾರ ಕೈಯಲ್ಲಿದೆಯೋ ಯುದ್ಧ ಅವರದು.” ಸೈನ್ಯಕ್ಕೆ ಹುಣಿಸೆಬೀಜ. ಬಂಡುಕೋರರನ್ನು ಅವರ ಊರಿನವರೆಲ್ಲ “ಹುಡುಗರು” ಎನ್ನುತ್ತಿದ್ದರಂತೆ, ಅವರಿಗೆ ಕವಡೆ. ತಲೆಯ ಭಾಗದಲ್ಲಿ ಒಂದೇ ಒಂದು ಗುಲಗಂಜಿ. ಅದು ಅವರ ತಂಗಿ ವಸಂತಿ.

ಬೆಳಿಗ್ಗೆ ಅಮ್ಮ ಕಿಟಕಿಯಿಂದ ಇಣುಕಿ ಕೇಳುತ್ತಿದ್ದಳು: “ಮೇಷ್ಟ್ರೇ, ಇವತ್ತು ನೆಲ ಒರೆಸ್ಬೋದಾ, ಇಲ್ಲಾ ಯುದ್ಧ ಇನ್ನೂ ಮುಗ್ದಿಲ್ವಾ?”

ವಸಂತಿಯನ್ನು ಅಲ್ಲಿಂದ ಹೊರಗೆ ತರಬೇಕು ಎಂಬುದೊಂದೇ ಅವರ ಬದುಕಿನಲ್ಲಿ ಉಳಿದಿದ್ದ ಕೆಲಸ. ಅವಳ ಗಂಡ ಎಂಬತ್ತೇಳರ ಕಾಳಗದಲ್ಲಿ, ಮನೆಯೊಳಗೆ ಕೂತಿದ್ದವನು ಷೆಲ್ ಬಿದ್ದು ಹೋಗಿದ್ದ. ಊರು ಆಗ ಹುಡುಗರ ಹಿಡಿತದಲ್ಲಿತ್ತು, ಬಿಡಬೇಕಾದರೆ ಅವರ ಅನುಮತಿ ಬೇಕು. ಅನುಮತಿ ಬೇಕಾದರೆ ಮನೆಯವರೊಬ್ಬರನ್ನು ಜಾಮೀನಾಗಿ ಬಿಟ್ಟು ಹೊರಡಬೇಕು. ವಸಂತಿಗೆ ಉಳಿದಿದ್ದವನು ಪುಟ್ಟ ಮಗ ಕಣ್ಣನ್ ಒಬ್ಬನೇ. ಅವನನ್ನು ಬಿಟ್ಟು ಹೇಗೆ ಬರುತ್ತಾಳೆ? ಹಾಗಾಗಿ ಯಾವುದಾದರೂ ಒಂದು ಕಾಳಗ ದಾರಿ ತೆರೆಯಬೇಕು ಎಂದು ಮೇಷ್ಟ್ರು ಕಾಯುತ್ತಿದ್ದರು. ತೊಂಬತ್ತೊಂದರಲ್ಲಿ ಹುಡುಗರು ಎಲಿಫೆಂಟ್ ಪಾಸಿನ ಶಿಬಿರವನ್ನು ಮುತ್ತಿದಾಗ ಚಪ್ಪಲಿ ಕಾಲಲ್ಲೇ ಇತ್ತು. ಸೈನ್ಯ ಸಮುದ್ರದ ಕಡೆಯಿಂದ ಇಳಿದು ಶಿಬಿರ ಉಳಿಸಿಕೊಂಡಿತು.

“ಯಾರು ಗೆದ್ರು?” ಎಂದಳು ಅಮ್ಮ.

“ದಾರಿ ಮುಚ್ಚಿತು ಅಕ್ಕಾ. ಅವಳು ಒಳಗೇ.”

ಅದೇ ವರ್ಷ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾವೇರಿ ಗಲಾಟೆಯಾಯಿತು. ತಮಿಳರನ್ನು ಹುಡುಕಿಕೊಂಡು ಗುಂಪುಗಳು ಬೀದಿಬೀದಿ ತಿರುಗುತ್ತಿದ್ದವು. ಇದನ್ನು ಬರೆಯುವಾಗಲೂ ನಮ್ಮ ಗೇಟಿನ ಚಿಲಕದ ಸದ್ದು ನನಗೆ ಕೇಳುತ್ತಿದೆ. ಅಪ್ಪ ಆಫೀಸಿನಲ್ಲಿ ಸಿಕ್ಕಿಕೊಂಡಿದ್ದರು. ಗೇಟಿನ ಹತ್ತಿರ ಹೋದವನು ನಾನು. ಹೊರಗೆ ಒಂದು ಗುಂಪು, ಸೈಕಲ್ ಚೈನು, ದೊಣ್ಣೆ, ಒಬ್ಬನ ಕೈಯಲ್ಲಿ ಸೀಮೆಎಣ್ಣೆಯ ಡಬ್ಬ.

“ಹಿಂದ್ಗಡೆ ರೂಮಲ್ಲಿ ತಮಿಳ್ನವನು ಇದಾನಂತೆ. ಕಳ್ಸು ಗುರು ಹೊರಗೆ.”

“ಯಾರೂ ಇಲ್ಲ,” ಎಂದೆ. ನನ್ನ ಧ್ವನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು.

“ಸುಳ್ ಹೇಳ್ಬೇಡ ಮಗಾ. ಮನೆ ಸೇರ್ಸಿ ಹಚ್ಬಿಡ್ತೀವಿ.”

ಅಷ್ಟರಲ್ಲಿ ನನ್ನ ಹಿಂದೆ ಚಪ್ಪಲಿಯ ಸದ್ದು. ಮೇಷ್ಟ್ರು ತೋಳಿನ ಗುಂಡಿ ಹಾಕಿಕೊಳ್ಳುತ್ತ, ಪಾಠಕ್ಕೆ ಹೊರಟವರಂತೆ ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ, ಚಿಲಕ ತೆಗೆದು, ಗೇಟಿನ ಆಚೆ ಹೋಗಿ ನಿಂತರು.

“ನೀವು ಹುಡುಕುತ್ತಿರುವವನು ನಾನು. ಈ ಮನೆಯವರಿಗೂ ನನಗೂ ಸಂಬಂಧವಿಲ್ಲ. ಮನೆಯನ್ನು ಬಿಟ್ಟುಬಿಡಿ.”

ಚೈನು ಮೇಲೆದ್ದಿತು. ಅವರು ಕದಲಲಿಲ್ಲ. ಅದು ಗೇಟಿನ ಕಂಬಕ್ಕೆ ಬಡಿಯಿತು, ಕಿತ್ತ ಗಾರೆ ನನ್ನ ಪಾದದ ಮೇಲೆ ಬಿತ್ತು. ಎರಡನೆಯ ಸಲ ಎದ್ದದ್ದು ಎಲ್ಲಿಗೆ ಬೀಳುತ್ತಿತ್ತೋ ಎಂದು ನಾನು ಇಷ್ಟು ವರ್ಷಗಳಿಂದ ನೋಡುತ್ತಲೇ ಇದ್ದೇನೆ. ಏಕೆಂದರೆ ಅದು ಬೀಳಲಿಲ್ಲ. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಿದ್ದಳು.

“ಏ ರವಿ! ಸೈಕಲ್ ಶಾಪ್ ರವಿ! ಹಿಂದೆ ಯಾಕೋ ಅವಿತ್ಕೋತೀಯಾ? ನಿನ್ ತಂಗಿ ಮ್ಯಾಥ್ಸಲ್ಲಿ ಪಾಸಾಗಿದ್ದು ಯಾರಿಂದ ಹೇಳೋ! ಇವ್ರ ಮೇಲೆ ಕೈ ಎತ್ತಿದ್ರೆ ಈಗ್ಲೇ ನಿಮ್ಮಮ್ಮನ್ ಹತ್ರ ಹೋಗ್ತೀನಿ.”

ರವಿ ತಲೆ ತಗ್ಗಿಸಿದ. “ಬನ್ರೋ, ಈ ಮನೆ ಬೇಡ,” ಎಂದು ಗೊಣಗಿದ. ಗುಂಪು ಮುಂದೆ ಹೋಯಿತು. ಸಂಜೆ ಆ ಕಡೆಯಿಂದ ಹೊಗೆ ಎದ್ದದ್ದನ್ನು ತಾರಸಿಯಿಂದ ನೋಡಿದೆವು. ಯಾರ ಮನೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ.

ಅಂದು ನೀರು ಕುಡಿಯುತ್ತ ಮೇಷ್ಟ್ರು ಎಂಬತ್ತಮೂರರ ಕೊಲಂಬೊ ಕಥೆ ಹೇಳಿದರು. ಗಲಭೆಯ ದಿನ ಒಬ್ಬ ಸಿಂಹಳ ಗೆಳೆಯ ಅವರನ್ನು ತನ್ನ ಮನೆಯೊಳಗೆ ಅಡಗಿಸಿಟ್ಟಿದ್ದ. ಗುಂಪು ಮನೆಗೆ ಬೆಂಕಿ ಇಟ್ಟಿತು. ಮೇಷ್ಟ್ರು ಹಿಂದಿನ ಗೋಡೆ ಹಾರಿ ಉಳಿದರು. ಗೆಳೆಯನ ತಾಯಿ ಒಳಗೇ ಸುಟ್ಟುಹೋದರು.

“ನನಗೆ ಗೊತ್ತಿರುವುದು ಇಷ್ಟೇ ತಂಬಿ. ಒಳಗೆ ಇದ್ದವರು ಸಾಯುತ್ತಾರೆ. ಹೊರಗೆ ಬಂದವರು ಉಳಿಯುತ್ತಾರೆ. ಇವತ್ತು ನೀನೇ ನೋಡಿದೆಯಲ್ಲ.”

ನಾನು ನೋಡಿದ್ದು ಅಮ್ಮನ ಬಾಯಿ ಮತ್ತು ರವಿಯ ನಾಚಿಕೆ. ಆದರೆ ಆ ಹೊತ್ತಿನಲ್ಲಿ ಹಾಗೆ ಯಾರು ಹೇಳುತ್ತಾರೆ? ಅಮ್ಮ ಅವರ ಲೋಟಕ್ಕೆ ಮತ್ತೆ ನೀರು ಬಗ್ಗಿಸಿದಳು.

ತೊಂಬತ್ತೈದರ ಮೊದಲ ತಿಂಗಳುಗಳಲ್ಲಿ ಸ್ವಲ್ಪ ಕಾಲ ಕದನ ನಿಂತಿತು. ಜಾಫ್ನಾಕ್ಕೆ ಹೋಗುವ ಪಾದ್ರಿಯೊಬ್ಬರು ಬೆಂಗಳೂರಿಗೆ ಬಂದಿದ್ದರು. ಅವರ ಬಾಯಲ್ಲಿ ಮೇಷ್ಟ್ರು ತಂಗಿಗೆ ಮಾತು ಕಳಿಸಿದರು: “ಸೈನ್ಯ ಊರಿಗೆ ಬಂದರೆ ಮನೆಯೊಳಗೆ ಕೂರಬೇಡ. ಜನ ಹೊರಟರೆ ಜನರ ಜತೆ ಹೊರಡು.”

ಆ ವರ್ಷದ ಕೊನೆಗೆ ಸೈನ್ಯ ಜಾಫ್ನಾದ ಅಂಚಿಗೆ ಬಂತು. ಹುಡುಗರು ಊರು ಖಾಲಿ ಮಾಡಿಸಿದರು. ಮಳೆಯಲ್ಲಿ ಲಕ್ಷಾಂತರ ಜನ ಒಂದೇ ರಸ್ತೆ ಹಿಡಿದು ನಡೆದರು. ವಸಂತಿ ಅಣ್ಣನ ಮಾತಿನಂತೆ ಕಣ್ಣನ್‌ನ ಕೈ ಹಿಡಿದು ಹೊರಟಳು. ನಿಲ್ಲದೆ, ದೋಣಿ ಹತ್ತಿ ಹಿನ್ನೀರು ದಾಟಿ ತೆಂಕಣ ಕಾಡಿನ ನಾಡಿಗೆ ಹೋದಳು. ಅವಳು ದಾಟಿದಳೆಂಬ ಸುದ್ದಿ ಬಂದ ದಿನ ಮೇಷ್ಟ್ರು ಗುಲಗಂಜಿಯನ್ನು ಕತ್ತಿನ ಕೆಳಗೆ ಸರಿಸಿ, ಅಮ್ಮನಿಗೆ ಮೈಸೂರುಪಾಕು ತಂದುಕೊಟ್ಟರು.

ಜಾಫ್ನಾದಲ್ಲಿ ವಸಂತಿಯ ಪಕ್ಕದ ಮನೆಯವರು ಹೊರಟಿರಲಿಲ್ಲ. ಮುದುಕಿಯೊಬ್ಬಳು ಹಾಸಿಗೆ ಹಿಡಿದಿದ್ದಳೆಂದು ಮನೆಯಲ್ಲೇ ಕೂತಿದ್ದರು. ಸೈನ್ಯ ಬಂತು, ಮುಂದೆ ಹೋಯಿತು. ಊರು ಬಿಟ್ಟು ಹತ್ತಿರದಲ್ಲೇ ತಂಗಿದ್ದವರೂ ಕೆಲವು ತಿಂಗಳಲ್ಲಿ ಮನೆಗೆ ಮರಳಿದರು. ಜಾಫ್ನಾ ಈಗ ಸರ್ಕಾರದ ಕೈಯಲ್ಲಿತ್ತು, ಅಲ್ಲಿಂದ ಕೊಲಂಬೊಗೆ ಹಡಗಿತ್ತು. ವಸಂತಿ ಸೇರಿದ್ದ ಕಾಡಿನ ನಾಡು ಮಾತ್ರ ಹುಡುಗರ ಹಿಡಿತದಲ್ಲೇ ಉಳಿದಿತ್ತು. ಪಕ್ಕದ ಮನೆಯವರು ಕೆನಡಾ ಸೇರಿಕೊಂಡು ಅಲ್ಲಿಂದ ಮೇಷ್ಟ್ರಿಗೆ ಫೋನ್ ಮಾಡಿದರು. ಫೋನ್ ಇದ್ದದ್ದು ನಮ್ಮ ನಡುಮನೆಯಲ್ಲಿ. ಅವರು “ಓಂ, ಓಂ” ಎನ್ನುತ್ತ ಕೇಳಿಸಿಕೊಂಡರು, ಇಟ್ಟರು.

“ಇರುವಲ್ಲೇ ಇದ್ದಿದ್ದರೆ ಬಂದುಬಿಡುತ್ತಿದ್ದಳು ಅಕ್ಕಾ,” ಎಂದರು. “ಮುಗಿದ ಕಾಳಗವನ್ನು ನೋಡಿ ಮುಂದಿನದಕ್ಕೆ ಬುದ್ಧಿ ಹೇಳಿದೆ.”

“ನಿಮಗೇನ್ ಗೊತ್ತಿತ್ತು ಮೇಷ್ಟ್ರೇ?”

“ಗೊತ್ತಿದೆ ಅಂದುಕೊಂಡಿದ್ದೆ.”

ಆಮೇಲೆ ಅವರು ನೆಲದ ಮೇಲೆ ಬರೆಯಲಿಲ್ಲ. ವಸಂತಿ ನೆಲೆಸಿದ್ದ ಕಿಳಿನೊಚ್ಚಿ ಪಟ್ಟಣ ಸೈನ್ಯದ ಪಾಲಾಯಿತು, ಮತ್ತೆ ಹುಡುಗರದಾಯಿತು. ವಸಂತಿ ಪ್ರತಿಸಲವೂ ಕಾಡಿಗೆ ಓಡಿ ಪ್ರತಿಸಲವೂ ಮರಳಿದಳು. ಎರಡು ಸಾವಿರದಲ್ಲಿ ಎಲಿಫೆಂಟ್ ಪಾಸ್ ಕೊನೆಗೂ ಹುಡುಗರ ಕೈಗೆ ಬಿತ್ತು. ಟ್ಯೂಷನ್ನಿನ ಹುಡುಗನೊಬ್ಬ ಪೇಪರ್ ಹಿಡಿದು ಓಡಿಬಂದು “ಸಾರ್, ನಿಮ್ಮೋರು ಗೆದ್ಬಿಟ್ರು!” ಎಂದ. “ಕೂತುಕೋ, ಲೆಕ್ಕ ಮಾಡು,” ಎಂದರು ಮೇಷ್ಟ್ರು.

ಎರಡು ವರ್ಷದ ನಂತರ ಒಪ್ಪಂದವಾಗಿ ರಸ್ತೆ ತೆರೆಯಿತು. ವಸಂತಿ ಒಮ್ಮೆ ಫೋನ್ ಮಾಡಿದಳು. ಕಣ್ಣನ್‌ನನ್ನು ಹುಡುಗರು ಪಡೆಗೆ ಸೇರಿಸಿಕೊಂಡಿದ್ದರು. ಅವನನ್ನು ಬಿಟ್ಟು ಅವಳು ಬರುವುದಿಲ್ಲ. ಮೇಷ್ಟ್ರು ತಾವೇ ಬರುತ್ತೇನೆಂದರೆ ಅತ್ತಳಂತೆ: ನೀನು ಬಂದರೆ ನಿನ್ನನ್ನೂ ಹೊರಗೆ ಬಿಡುವುದಿಲ್ಲ. ಅವರು ದೋಣಿಯಲ್ಲಿ ಬಂದವರು, ಪಾಸ್‌ಪೋರ್ಟ್ ಇರಲಿಲ್ಲ. ಹೋದರೆ ಮರಳುವ ದಾರಿ ಇರಲಿಲ್ಲ. ಮಾತು ಅಲ್ಲಿಗೇ ನಿಂತಿತು. ರಸ್ತೆಯೂ ಮತ್ತೆ ಮುಚ್ಚಿತು.

ಎರಡು ಸಾವಿರದ ಒಂಬತ್ತರಲ್ಲಿ ಯುದ್ಧ ಕೊನೆಗೆ ಒಂದು ತುಂಡು ಮರಳದಂಡೆಗೆ ಬಂದು ನಿಂತಾಗ, ಮೇಷ್ಟ್ರು ದಿನವೂ ನಮ್ಮ ಟಿವಿಯ ಮುಂದೆ ಬಂದು ನಿಲ್ಲುತ್ತಿದ್ದರು. ಎದೆಮಟ್ಟದ ನೀರಿನಲ್ಲಿ ಗಂಟುಮೂಟೆ ಹೊತ್ತು ದಾಟುವ ಜನ. ಕೂತುಕೊಳ್ಳಿ ಎಂದರೂ ಕೂರರು. ಒಂದು ಸಂಜೆ ಗಾಜಿನ ಮೇಲೆ ಬೆರಳಿಟ್ಟು ಕೂಗಿದರು.

“ಅವಳೇ! ಅಕ್ಕಾ, ಅವಳೇ!”

ಚಿತ್ರ ದಾಟಿಹೋಯಿತು. ಅರ್ಧ ಗಂಟೆ ಕಳೆದು ಅದೇ ದೃಶ್ಯ ಮತ್ತೆ ಬಂದಾಗ ನಾವೂ ನೋಡಿದೆವು. ಉದ್ದ ಜಡೆಯ ಹುಡುಗಿ. ಹೆಚ್ಚೆಂದರೆ ಇಪ್ಪತ್ತೈದು. ಮೇಷ್ಟ್ರು ತಂಗಿಯನ್ನು ಬಿಟ್ಟುಬಂದಾಗ ಅವಳಿಗೆ ಅಷ್ಟೇ ವಯಸ್ಸು. ಈಗ ಐವತ್ತು.

ಅಮ್ಮ ನನ್ನನ್ನು ನೋಡಿದಳು. “ಇರ್ಬೋದು ಮೇಷ್ಟ್ರೇ,” ಎಂದಳು ಮೆಲ್ಲಗೆ. “ದೇವ್ರು ದೊಡ್ಡೋನು.”

ಯುದ್ಧ ಮುಗಿಯಿತು. ಉಳಿದವರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಇಟ್ಟಿದ್ದಾರೆಂದು ಸುದ್ದಿ ಬಂತು. ಮೇಷ್ಟ್ರು ಓಡಾಡಿ, ಹೋಗಲು ಮಾತ್ರ ಸಲ್ಲುವ, ಮರಳಲು ಸಲ್ಲದ ಒಂದು ಕಾಗದ ಮಾಡಿಸಿಕೊಂಡರು. ಕೋಣೆ ಖಾಲಿ ಮಾಡಿ, ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಹಿಡಿದು ಹೊರಟರು. ಆಟೊ ಹತ್ತುವಾಗ ಕಂಬದ ಗಾರೆ ಕಿತ್ತ ಜಾಗವನ್ನು ನಾನು ನೋಡುತ್ತ ನಿಂತಿದ್ದೆ. ಅವರು ಅದನ್ನು ಗಮನಿಸಲೇ ಇಲ್ಲ.

ಒಂದೇ ಸಲ ಫೋನ್ ಬಂತು. ಸ್ಪೀಕರಿಗೆ ಹಾಕಿದೆ. ಗಾಳಿಯ ಸದ್ದು, ಮಕ್ಕಳ ಗಲಾಟೆ, ನಡುವೆ ಅವರ ನೆಟ್ಟಗಿನ ಕನ್ನಡ.

“ತುಂಬ ಜನ ಇದ್ದಾರೆ ಅಕ್ಕಾ. ಇನ್ನೂ ಅರ್ಧ ಶಿಬಿರ ನೋಡಿಲ್ಲ. ಉದ್ದ ಜಡೆಯವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದೇನೆ.”

“ಕೇಳಿ ಮೇಷ್ಟ್ರೇ,” ಎಂದಳು ಅಮ್ಮ. “ಕೇಳ್ತಾ ಇರಿ.”