ದಾವಲಬೀಯ ಜರಡಿ, ಒಂಬತ್ತು ತಿಂಗಳ ಕಾವಲು

ಬೆಳಗಿನ ಐದೂವರೆ. ಬಳ್ಳಾರಿಯ ಕೋಟೆ ಗುಡ್ಡ ಇನ್ನೂ ಆಕಳಿಸುತ್ತಿರುವಾಗಲೇ ಆಯಾ ದಾವಲಬೀ ಹೆರಿಗೆ ಕೋಣೆಯಿಂದ ಬಾಣದಂತೆ ಹೊರಬೀಳುತ್ತಾರೆ. ಕೈಯಲ್ಲಿ ನೀಲಿ ಡಬ್ಬಿ; ಒಳಗೆ ಈಗಷ್ಟೇ ಹುಟ್ಟಿದ ಕೂಸಿನ ಮಾಸು, ಹೊಟ್ಟೆಯಲ್ಲಿ ತಾಯಿಗೂ ಕೂಸಿಗೂ ನಡುವೆ ಇದ್ದ ಪ್ಲಾಸೆಂಟಾ. ಇಪ್ಪತ್ತು ನಿಮಿಷದೊಳಗೆ ಅದು ಮೂರನೇ ಮಹಡಿಯ ಪ್ರಯೋಗಾಲಯ ಮುಟ್ಟಬೇಕು. ಲಿಫ್ಟು ಕೆಟ್ಟು ಎಷ್ಟು ಕಾಲವಾಯಿತೋ, ಅದರೊಳಗಿನ ಜೇಡಕ್ಕೆ ಮೊಮ್ಮಕ್ಕಳಾಗಿವೆ. ಮೆಟ್ಟಿಲು ಅರವತ್ತೆರಡು, ದಿನಕ್ಕೆ ಮೂರು ಸಲ, ಹನ್ನೊಂದು ವರ್ಷ. ಒಂದರ ಮೇಲೊಂದು ಪೇರಿಸಿದರೆ ಚಂದ್ರನಲ್ಲಿಳಿದು ಚಹಾ ಕುಡಿದು ಬರಬಹುದು!

ಮೇಲೆ ಮಾಸಿನ ನಾಳಗಳಿಗೆ ಬೆಚ್ಚಗಿನ ದ್ರವ ಹಾಯಿಸುತ್ತಾರೆ. ತಾಯಿಯ ಬದಿಗೆ ಬಿಟ್ಟ ಔಷಧಿ, ತಿಂಡಿಯ ಬಣ್ಣ ಕೂಸಿನ ಬದಿಗೆ ಎಷ್ಟು ದಾಟುತ್ತದೆಂದು ಅಳೆಯುತ್ತಾರೆ. ಮೋಕ ಎಂಬ ಹಳ್ಳಿಯಲ್ಲಿ ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ದಾವಲಬೀಗೆ ಇದೆಲ್ಲ ಬಾಯಿಪಾಠ. ಬಸುರಿಯರನ್ನು ಕಂಡು ಮಾಸು ಪರೀಕ್ಷೆಗೆ ಕೊಡಲು ಒಪ್ಪಿಗೆ ಕೇಳುವವರೂ ಅವರೇ.

ಎರಡು ತಿಂಗಳ ಹಿಂದೆ ಹಾಗೆ ಕೇಳಲು ಹೋದಾಗ ಸಿಕ್ಕವರು ಕರೂರಿನ ಅನುಷಾ ಮತ್ತು ಆಕೆಯ ಅತ್ತೆ ಚನ್ನಬಸಮ್ಮ. ಅನುಷಾಗೆ ಏಳು ತಿಂಗಳು, ಮೇಲೆ ಸಕ್ಕರೆ ಕಾಯಿಲೆ. ಅತ್ತೆ ಹತ್ತು ದಿನದಿಂದ ಇನ್ಸುಲಿನ್ ಸೂಜಿ ಬಿಡಿಸಿದ್ದಾರೆ.

"ದಿನಾ ಅಷ್ಟು ಔಷಧಿ ಕೂಸಿನ ಮೈಗೆ ಇಳಿದ್ರ ಏನು ಗತಿ ಬೇ?"

ದಾವಲಬೀ ವಾದಕ್ಕಿಳಿಯುವುದಿಲ್ಲ. ಚೀಲದಿಂದ ನುಚ್ಚಿನ ಜರಡಿ ತೆಗೆದು, ಒಂದು ಹಿಡಿ ಅಕ್ಕಿ, ಒಂದು ಹಿಡಿ ಸಕ್ಕರೆ ಸುರಿದು ಅಲ್ಲಾಡಿಸುತ್ತಾರೆ.

"ಈ ಜರಡೀನ ಮಾಸು ಅಂತ ತಿಳ್ಕೊಳ್ರಿ. ಅಕ್ಕಿ ಮ್ಯಾಲೇ ನಿಂತೈತಿ, ನೋಡ್ರಿ. ಇನ್ಸುಲಿನ್ನೂ ಹಂಗ, ದೊಡ್ಡದು. ಮಾಸು ಬಿಟ್ಟುಕೊಡಂಗಿಲ್ಲ. ಕೆಳಗ ಏನು ಬಿತ್ತು?"

"ಸಕ್ಕರಿ."

"ಹೌದಲ್ಲ? ಸೂಜಿ ಬಿಡಿಸಿದ್ರ ಈಕಿ ರಕ್ತದಾಗ ಸಕ್ಕರಿ ಏರತೈತಿ; ನೀವು ಕೂಸಿಗೆ ಅದನ್ನ ಉಣಸಾಕತ್ತೀರಿ, ಯವ್ವಾ. ನಿಮ್ಮ ದವಡ್ಯಾಗಿನ ತಂಬಾಕು ಈಕಿ ಹಾಕ್ಕೊಂಡ್ರ ಅದೂ ಇಳೀತೈತಿ."

ಚನ್ನಬಸಮ್ಮನ ದವಡೆ ನಿಲ್ಲುತ್ತದೆ. "ಮತ್ತ ಗುಳಗಿ?"

"ಕೆಲವು ಒಳಗ ನುಗ್ಗಿದ್ರೂ ಮಾಸು ಪಂಪ್ ಹಚ್ಚಿ ಹಿಂದಕ ದಬ್ಬತೈತಿ. ಕೆಲವಕ್ಕ ದಾರಿ ಬಿಡತೈತಿ. ಯಾವುದು ಅಂತ ಡಾಕ್ಟರನ್ನ ಕೇಳ್ರಿ. ನನ್ನ ಕೇಳಬ್ಯಾಡ್ರಿ, ನಿಮ್ಮ ಓಣಿ ಮಂದೀನಂತೂ ಮೊದಲ ಬ್ಯಾಡ."

ಈ ಜರಡಿಗೊಂದು ಹಿನ್ನೆಲೆಯಿದೆ. ಮಗ ಕೈಸರ್ ಹೊಟ್ಟೆಯಲ್ಲಿದ್ದಾಗ ದಾವಲಬೀಯೂ ಸೂಜಿ ಬಿಟ್ಟಿದ್ದರು. ಸಕ್ಕರೆಯುಂಡು ಬೆಳೆದ ಕೂಸು ಹುಟ್ಟುವಾಗ ಐದು ಕಿಲೊ; ಹೆಗಲು ಸಿಕ್ಕಿಕೊಂಡು ಬಲಗೈಯ ನರ ಹೋಯಿತು. ಕೈಸರ್ ಇಂದು ಜೀನ್ಸ್ ಕಾರ್ಖಾನೆಯಲ್ಲಿ ಎಡಗೈಯಲ್ಲೇ ಹೊಲಿಯುತ್ತಾನೆ, ಊರಿನ ಬಲಗೈಗಳೆಲ್ಲ ನಾಚುವಷ್ಟು ಚುರುಕಾಗಿ. ತಾಯಿ ಮಾತ್ರ ಅವನ ಬಲಗೈ ನೋಡುವಾಗ ಜಂಬ ಕೊಚ್ಚುವುದಿಲ್ಲ. "ಆವಾಗ ನನಗ ಜರಡಿ ತೋರಸವ್ರು ಯಾರೂ ಇರಲಿಲ್ಲ."

ಇವತ್ತಿನ ನೀಲಿ ಡಬ್ಬಿಯಲ್ಲಿರುವುದು ಅನುಷಾಳದೇ ಮಾಸು. ಜರಡಿ ಕಂಡ ದಿನದಿಂದ ಸೂಜಿ ತಪ್ಪಿಸದ ಆಕೆಗೆ ಮೂರು ಕಿಲೊದ ಹೆಣ್ಣುಕೂಸು. ಎರಡೂ ಕೈ ಎತ್ತಿ ಕಿರುಚುತ್ತಿದೆ. ಆ ಕೈಗಳನ್ನು ದಾವಲಬೀ ಎರಡೆರಡು ಸಲ ನೋಡಿಯೇ ಮೆಟ್ಟಿಲು ಹತ್ತಿದ್ದು.

ಮಧ್ಯಾಹ್ನ ಪರೀಕ್ಷೆ ಮುಗಿದ ಮೇಲೆ ಚನ್ನಬಸಮ್ಮ ಮಾಸು ಕೇಳಿ ಪಡೆಯುತ್ತಾರೆ, ಮನೆಯಂಗಳದಲ್ಲಿ ಹೂಳಲು. ಡಬ್ಬಿಯೊಳಗೆ ಇಣುಕುತ್ತಾರೆ. "ತೂತು ಎಲ್ಲೂ ಕಾಣವಲ್ಲವಲ್ಲ ಬೇ?"

"ಕಣ್ಣಿಗೆ ಕಾಣಂಗಿದ್ರ ಮ್ಯಾಲಿನ ಡಾಕ್ಟರು ಯಾಕ ತಲಿ ಕೆಡಿಸ್ಕೊಂತಿದ್ರು?"

ನಿಮಗೇನು ಕೊಡಲಿ ಎಂದು ಚನ್ನಬಸಮ್ಮ ಕೇಳಿದಾಗ ದಾವಲಬೀ ಡಬ್ಬಿಯ ಮುಚ್ಚಳ ಒತ್ತಿ ಕೈಗಿಡುತ್ತಾರೆ.

"ನನಗೇನೂ ಬ್ಯಾಡ್ರಿ. ಹೂಳೋ ಮುಂದ ಇದಕ್ಕೊಂದು ಸಲಾಂ ಮಾಡ್ರಿ. ಒಂಬತ್ತು ತಿಂಗಳ ಒಂದು ದಿನಾನೂ ರಜಾ ತಗೊಂಡಿಲ್ಲ."